ಬೇಡವೆನ್ನದಿದ್ದುದೇ ಒಪ್ಪಿಗೆಯಾದಾಗ: ಲೈಫ್ ಕೋಚಿಂಗ್‌ನ ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದ ಮಹಿಳೆಗೆ ಆಗ 43 ವರ್ಷ. ಲೈಫ್ ಕೋಚ್, ಅಂದರೆ ಬದುಕಿನ ನಿರ್ಧಾರಗಳಲ್ಲಿ ಪ್ರಶ್ನೆಗಳ ಮೂಲಕ ನೆರವಾಗುವವನಾದ ನನ್ನ ಬಳಿಗೆ ಮೊದಲ ಭೇಟಿಗೆ ಬಂದಾಗ ಅವರ ಪ್ರಶ್ನೆ ಒಂದೇ ಸಾಲಿನದಾಗಿತ್ತು: “ಬಡ್ತಿಯನ್ನು ಒಪ್ಪಿಕೊಳ್ಳಲೇ, ಬೇಡವೇ?” ಔಷಧ ತಯಾರಿಸುವ ಕಂಪನಿಯೊಂದರ ಗುಣಮಟ್ಟ ಪರೀಕ್ಷೆಯ ಪ್ರಯೋಗಾಲಯದಲ್ಲಿ ಅವರು 17 ವರ್ಷ ದುಡಿದಿದ್ದರು. ವಿಭಾಗದ ಮುಖ್ಯಸ್ಥರು ನಿವೃತ್ತರಾಗುವವರಿದ್ದರು, ಆ ಸ್ಥಾನಕ್ಕೆ ಇವರ ಹೆಸರು ಸೂಚಿತವಾಗಿತ್ತು, ಉತ್ತರ ಹೇಳಲು 8 ವಾರಗಳ ಗಡುವು ಸಿಕ್ಕಿತ್ತು. ಮನೆಯಲ್ಲಿ ಪತಿ ಮತ್ತು ಕಾಲೇಜು ಸೇರುವ ಹೊಸ್ತಿಲಲ್ಲಿದ್ದ ಮಗಳು ಇದ್ದರು. ಪತಿ “ನಿನ್ನಿಷ್ಟ” ಎಂದಿದ್ದರು, ಸಹೋದ್ಯೋಗಿಗಳು ಆಗಲೇ ಅಭಿನಂದನೆ ಹೇಳಿಯಾಗಿತ್ತು. ಇಷ್ಟನ್ನು ವಿವರಿಸಿದ ಮೇಲೆ ಅವರು ಒಂದು ಮಾತು ಸೇರಿಸಿದರು: “ನೀವು ಇಂಥ ಎಷ್ಟೋ ಜನರನ್ನು ನೋಡಿರುತ್ತೀರಿ. ನಿಮಗೆ ಏನನ್ನಿಸುತ್ತದೆ ಹೇಳಿ, ಹಾಗೇ ಮಾಡುತ್ತೇನೆ.” ಆ ಮಾತನ್ನು ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಅದರ ತೂಕ ನನಗೆ ಅರ್ಥವಾದದ್ದು ಬಹಳ ತಡವಾಗಿ.

ಈ ಬರಹಕ್ಕೆ ಅವರ ಲಿಖಿತ ಒಪ್ಪಿಗೆಯಿದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಒಪ್ಪಂದ

ಲೈಫ್ ಕೋಚಿಂಗ್ ಎಂಬ ವೃತ್ತಿಗೆ ಹೆಚ್ಚಿನ ದೇಶಗಳಲ್ಲಿ ಸರ್ಕಾರದ ಪರವಾನಗಿ ಬೇಕಿಲ್ಲ. ಯಾರು ಬೇಕಾದರೂ ಕೋಚ್ ಎಂದು ಕರೆದುಕೊಳ್ಳಬಹುದಾದ ಈ ಸ್ಥಿತಿಯಲ್ಲಿ, ಮೊದಲ ಭೇಟಿಯಲ್ಲೇ ಎಲ್ಲೆಗಳನ್ನು ಸ್ಪಷ್ಟಪಡಿಸುವುದು ಬರಿಯ ಶಿಷ್ಟಾಚಾರವಲ್ಲ, ಬಂದವರ ರಕ್ಷಣೆಗೆ ಅತ್ಯಗತ್ಯವಾದ ಕ್ರಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೋಚ್‌ಗಳ ಅಂತರರಾಷ್ಟ್ರೀಯ ಸಂಘಟನೆಯಾಗಿ 1995ರಲ್ಲಿ ಸ್ಥಾಪನೆಯಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್‌ನ ನೀತಿಸಂಹಿತೆಯೂ ಗೋಪ್ಯತೆಯನ್ನು ಮತ್ತು ಕೆಲಸ ಆರಂಭಿಸುವ ಮೊದಲಿನ ಸ್ಪಷ್ಟ ಒಪ್ಪಂದವನ್ನು ಕಡ್ಡಾಯವೆಂದು ಎಣಿಸುತ್ತದೆ. ಗಡುವಿನೊಳಗೆ ತಲಾ ಒಂದು ಗಂಟೆಯ 6 ಭೇಟಿಗಳು, ಆರು ತಿಂಗಳ ನಂತರ ಒಂದು ಮರುಪರಿಶೀಲನೆ ಎಂದು ನಾವು ನಿಗದಿ ಮಾಡಿಕೊಂಡೆವು. ನಾನು ಚಿಕಿತ್ಸಕನಲ್ಲ, ಉತ್ತರವನ್ನು ನಾನು ಕೊಡುವುದಿಲ್ಲ, ಅವರು ಉತ್ತರ ಕಂಡುಕೊಳ್ಳುವ ದಾರಿಯಲ್ಲಿ ಪ್ರಶ್ನೆಗಳ ಮೂಲಕ ಜೊತೆಗಿರುತ್ತೇನೆ ಎಂಬುದನ್ನೂ ಹೇಳಿದೆ. ಅವರು ತಕ್ಷಣ ಒಪ್ಪಿದರು. ಎಲ್ಲದಕ್ಕೂ ತಕ್ಷಣ ಒಪ್ಪುತ್ತಿದ್ದರು.

ಅದೇ ಭೇಟಿಯಲ್ಲಿ ಅವರು ಮಾತಿನ ನಡುವೆ ಹೇಳಿದ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಹಲವು ತಿಂಗಳಿಂದ ವಿಪರೀತ ಆಯಾಸ, ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯ ಹೊತ್ತಿಗೆ ಯಾವುದೂ ಬೇಡವೆನ್ನುವ ಭಾವ. “ವಯಸ್ಸಾಯಿತಲ್ಲ” ಎಂದು ಅವರೇ ಅದನ್ನು ಬದಿಗೆ ಸರಿಸಿದರು. ಬದುಕಿನ ಬಗ್ಗೆ ಜಿಗುಪ್ಸೆ ಹುಟ್ಟಿದಂತೆ ಕಾಣುವುದರ ಹಿಂದೆ ಖಿನ್ನತೆಯಿರಬಹುದು, ದೇಹದ ಕಾಯಿಲೆಯೂ ಇರಬಹುದು, ಇವೆರಡನ್ನೂ ಪ್ರಶ್ನೆ ಕೇಳಿ ಪತ್ತೆಹಚ್ಚುವ ಅರ್ಹತೆ ಕೋಚ್‌ಗೆ ಇಲ್ಲ. ಮುಂದಿನ ಭೇಟಿಗೆ ಮೊದಲು ವೈದ್ಯರನ್ನು ಕಾಣಬೇಕೆಂದು ಕೇಳಿಕೊಂಡೆ. ರಕ್ತಪರೀಕ್ಷೆಯಲ್ಲಿ ಕಬ್ಬಿಣಾಂಶದ ಕೊರತೆಯಿಂದಾದ ರಕ್ತಹೀನತೆ ಕಂಡುಬಂತು, ಮಾತ್ರೆ ಆರಂಭವಾಯಿತು. ಖಿನ್ನತೆಯ ಲಕ್ಷಣಗಳಿಲ್ಲವೆಂದು ವೈದ್ಯರು ಹೇಳಿದರು. ದಣಿದ ದೇಹದ ಮಾತನ್ನು ಮನಸ್ಸಿನ ಮಾತೆಂದು ತಿಳಿದು ನಾವಿಬ್ಬರೂ ಎಂಟು ವಾರ ಚರ್ಚಿಸುತ್ತಾ ಕುಳಿತಿರಬಹುದಿತ್ತು ಎಂಬುದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ನಿರ್ಧಾರಗಳ ಚರಿತ್ರೆ

ಎರಡನೇ ಭೇಟಿಗೆ ಬರುವಾಗ ತಮ್ಮ ಬದುಕಿನ ದೊಡ್ಡ ನಿರ್ಧಾರಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತರಲು ಹೇಳಿದ್ದೆ. ಪ್ರತಿಯೊಂದರ ಎದುರೂ, ಅದನ್ನು ತಾವು ತೀರ್ಮಾನಿಸಿದ ಕ್ಷಣ ಯಾವುದು, ಆಗ ಬೇರೆ ಯಾವ ದಾರಿಗಳು ಮುಂದಿದ್ದವು ಎಂಬುದನ್ನು ನೆನಪಿದ್ದಷ್ಟು ದಾಖಲಿಸಬೇಕಿತ್ತು. ಅವರು 9 ನಿರ್ಧಾರಗಳನ್ನು ಬರೆದಿದ್ದರು. ಓದಿದ ವಿಷಯ, ಅಣ್ಣ ಅದನ್ನೇ ಓದಿದ್ದರಿಂದ ಬಂದದ್ದು. ಮೊದಲ ಕೆಲಸ, ಸಹಪಾಠಿಗಳೆಲ್ಲ ಅರ್ಜಿ ಹಾಕಿದಾಗ ತಾವೂ ಹಾಕಿದ್ದರಿಂದ ಸಿಕ್ಕಿದ್ದು. ಹಿಂದಿನ ಎರಡು ಬಡ್ತಿಗಳು, ಮೇಲಧಿಕಾರಿ ಕರೆದು ಹೇಳಿದ್ದರಿಂದ ಆದದ್ದು. ಹೀಗೆ 7 ನಿರ್ಧಾರಗಳ ಎದುರಿನ ಜಾಗ ಖಾಲಿಯಾಗಿತ್ತು. ಎರಡನೇ ಮಗು ಬೇಡವೆಂಬ ತೀರ್ಮಾನ ಮತ್ತು ಒಮ್ಮೆ ಒಬ್ಬ ಸ್ನೇಹಿತೆಯ ಪರವಾಗಿ ಸಾಕ್ಷಿ ನುಡಿದದ್ದು, ಈ ಎರಡರ ಮುಂದೆ ಮಾತ್ರ ದಿನ, ಜಾಗ, ತಾವು ಆಡಿದ ಮಾತು ಎಲ್ಲವೂ ವಿವರವಾಗಿದ್ದವು.

ಹಾಳೆಯನ್ನು ಮೇಜಿನ ಮೇಲಿಟ್ಟು ಅವರು ಬಹಳ ಹೊತ್ತು ಸುಮ್ಮನಿದ್ದರು. ನಂತರ ಹೇಳಿದರು: “ಇವನ್ನು ನಾನು ಆರಿಸಿಕೊಳ್ಳಲಿಲ್ಲ. ಬೇಡ ಎನ್ನಲಿಲ್ಲ, ಅಷ್ಟೇ.”

ಇಡೀ ಪ್ರಕರಣದ ಕೇಂದ್ರ ಈ ಮಾತು. ದಾಕ್ಷಿಣ್ಯಕ್ಕೆ ಒಪ್ಪುವುದು, ಮುಲಾಜಿಗೆ ಬೀಳುವುದು ನಮಗೆಲ್ಲ ಪರಿಚಿತವಾದ ಸಂಗತಿಗಳೇ. ಆದರೆ ದಾಕ್ಷಿಣ್ಯಕ್ಕೆ ಒಪ್ಪುವಾಗ ಒಳಗೆಲ್ಲೋ ಒಂದು ‘ಬೇಡ’ ಇರುತ್ತದೆ ಮತ್ತು ಅದನ್ನು ನುಂಗಿಕೊಂಡೆವೆಂಬ ಅರಿವೂ ಇರುತ್ತದೆ. ಇವರಲ್ಲಿ ಆ ‘ಬೇಡ’ ಹುಟ್ಟುವಷ್ಟು ಸಮಯವೂ ಸಿಗುತ್ತಿರಲಿಲ್ಲ. ಬೇಡಿಕೆ ಬರುತ್ತಿದ್ದಂತೆ ಒಪ್ಪಿಗೆ ಹೊರಟುಬಿಡುತ್ತಿತ್ತು. ಇರುವ ಸ್ಥಿತಿಯನ್ನೇ ಉಳಿಸಿಕೊಳ್ಳುವತ್ತ ಮನುಷ್ಯರು ವಾಲುತ್ತಾರೆಂಬುದನ್ನು ಅರ್ಥಶಾಸ್ತ್ರಜ್ಞರಾದ ವಿಲಿಯಂ ಸ್ಯಾಮ್ಯುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ 1988ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಕೋಚಿಂಗ್‌ನಲ್ಲಿ ಇದನ್ನು ಸಾಮಾನ್ಯವಾಗಿ ‘ಬದಲಾವಣೆಗೆ ಅಂಜುವವರ’ ಸಮಸ್ಯೆಯೆಂದು ವಿವರಿಸಲಾಗುತ್ತದೆ, ಧೈರ್ಯ ತುಂಬುವುದೇ ಅದಕ್ಕೆ ಮದ್ದು ಎಂಬಂತೆ ನಡೆದುಕೊಳ್ಳಲಾಗುತ್ತದೆ. ಈ ಮಹಿಳೆಯ ವಿಷಯದಲ್ಲಿ ‘ಇರುವ ಸ್ಥಿತಿ’ ಎಂದರೆ ಹುದ್ದೆಯಲ್ಲ, ಒಪ್ಪುವ ಅಭ್ಯಾಸ. ಅವರು ಏನನ್ನೂ ಮಾಡದೆ ಕುಳಿತಿದ್ದರೆ ಆಗುತ್ತಿದ್ದುದು ಬಡ್ತಿಯೇ. ಹೊರಗಿನಿಂದ ನೋಡಿದವರಿಗೆ ಮಾತ್ರ ಅದು ದಿಟ್ಟ ಹೆಜ್ಜೆಯಂತೆ ಕಾಣುತ್ತಿತ್ತು.

ಇದಾದ ಮೇಲೆ ಎರಡು ವಾರ ಪ್ರತಿ ಗಂಟೆ ಹೇಗೆ ಕಳೆಯಿತೆಂಬ ದಾಖಲೆಯನ್ನು ಇಡಲು ಹೇಳಿದೆ. ಮೌಲ್ಯಗಳ ಪಟ್ಟಿ ಕೊಟ್ಟು ಅದರಲ್ಲಿ ಐದನ್ನು ಆರಿಸಿ ಎನ್ನುವ ಪದ್ಧತಿ ಕೋಚ್‌ಗಳಲ್ಲಿ ವ್ಯಾಪಕವಾಗಿದೆ. ಆದರೆ ಎದುರಿಗಿರುವವರಿಗೆ ಇಷ್ಟವಾಗುವ ಉತ್ತರವನ್ನೇ ಹುಡುಕುವ ಸ್ವಭಾವದವರಿಗೆ ಅದರಿಂದ ಪ್ರಯೋಜನ ಕಡಿಮೆ ಎಂಬುದು ನನ್ನ ಅನುಭವ. ‘ಕುಟುಂಬ’, ‘ಪ್ರಾಮಾಣಿಕತೆ’ ಎಂಬ ಮೌಲ್ಯಗಳನ್ನು ಯಾರೂ ಪಟ್ಟಿಯಿಂದ ಕೈಬಿಡುವುದಿಲ್ಲ. ದಿನದ ಯಾವ ಗಂಟೆಯಲ್ಲಿ ಮೈಮರೆತಿದ್ದೆ, ಯಾವ ಗಂಟೆ ಮುಗಿದಾಗ ಬರಿದಾದಂತೆ ಅನ್ನಿಸಿತು ಎಂದು ಅಂದಂದೇ ಬರೆದರೆ ಅಂಥ ತೋರಿಕೆಗೆ ಎಡೆ ಕಡಿಮೆ.

ನನ್ನಿಂದಾದ ತಪ್ಪು

ಮೂರನೇ ಭೇಟಿಗೆ ಅವರು ತಂದ ದಾಖಲೆ ಅಚ್ಚುಕಟ್ಟಾಗಿತ್ತು. ಎರಡೂ ವಾರಗಳಲ್ಲಿ ಅವರು ಹೊತ್ತು ಮರೆತದ್ದು ಒಂದೇ ಬಗೆಯ ಕೆಲಸದಲ್ಲಿ. ಹೊಸದಾಗಿ ಸೇರಿದ ಇಬ್ಬರು ವಿಶ್ಲೇಷಕರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅನುಮಾನಾಸ್ಪದವಾಗಿ ಬಂದ ಪರೀಕ್ಷಾ ಫಲಿತಾಂಶದ ಮೂಲವನ್ನು ಹುಡುಕುವುದನ್ನು ಕಲಿಸುತ್ತಿದ್ದ ಗಂಟೆಗಳವು. ದೋಷ ಔಷಧದ ಮಾದರಿಯಲ್ಲಿದೆಯೇ, ಉಪಕರಣದಲ್ಲಿದೆಯೇ, ಪರೀಕ್ಷಿಸಿದವರ ಕೈಯಲ್ಲಿದೆಯೇ ಎಂದು ಒಂದೊಂದಾಗಿ ಬೇರ್ಪಡಿಸುತ್ತಾ ಹೋಗುವ ಆ ಕೆಲಸವನ್ನು ವಿವರಿಸುವಾಗ ಅವರ ಧ್ವನಿಯೇ ಬೇರೆಯಾಗಿತ್ತು. ಸಭೆಗಳು ಮತ್ತು ವರದಿ ತಯಾರಿಕೆಯ ಗಂಟೆಗಳ ಎದುರು ಬಹುತೇಕ ‘ಬರಿದು’ ಎಂದೇ ಇತ್ತು.

ಇಲ್ಲಿ ನಾನು ಆತುರಪಟ್ಟೆ. “ಹಾಗಾದರೆ ಮುಖ್ಯಸ್ಥರ ಹುದ್ದೆ ನಿಮಗೆ ಒಗ್ಗುವಂಥದ್ದಲ್ಲ ಎಂದು ಈ ದಾಖಲೆ ಹೇಳುತ್ತಿದೆ, ಅಲ್ಲವೇ?” ಎಂದು ಕೇಳಿದೆ. ಪ್ರಶ್ನೆಯ ರೂಪದಲ್ಲಿದ್ದರೂ ಅದು ತೀರ್ಪು. ಅವರ ಮುಖದಲ್ಲಿ ಒಂದು ಹಗುರಭಾವ ಮೂಡಿತು. “ಹೌದು, ಸರಿಯಾಗಿ ಹೇಳಿದಿರಿ, ಬೇಡವೆಂದು ಬರೆದು ಕೊಟ್ಟುಬಿಡುತ್ತೇನೆ” ಎಂದರು. ಅಂದಿನ ಟಿಪ್ಪಣಿಯಲ್ಲಿ ನಾನು ‘ಸ್ಪಷ್ಟತೆ ಮೂಡಿದೆ’ ಎಂದು ಬರೆದೆ.

ಎರಡು ದಿನಗಳ ನಂತರ ಅವರಿಂದ ಒಂದು ಚಿಕ್ಕ ಸಂದೇಶ ಬಂತು: “ಪತ್ರ ಬರೆಯಲು ಕುಳಿತೆ. ಅರ್ಧ ಬರೆದ ಮೇಲೆ ಗೊತ್ತಾಯಿತು, ನಿಮ್ಮ ಮಾತಿಗೂ ಹೂಂ ಎಂದಿದ್ದೇನೆ.”

ಕೋಚ್ ಆದವರು ಎದುರಿಸಬಹುದಾದ ಅತ್ಯಂತ ಮುಖ್ಯವಾದ ಪ್ರಶ್ನೆ ಆ ಸಂದೇಶದಲ್ಲಿತ್ತು ಎಂದು ನಾನು ನಂಬಿದ್ದೇನೆ. ಒಪ್ಪುವುದೇ ಅಭ್ಯಾಸವಾದವರ ಮುಂದೆ ನಾವು ಏನನ್ನು ಸೂಚಿಸಿದರೂ ಅವರು ಅದನ್ನು ತಮ್ಮದೇ ಕಂಡುಕೊಳ್ಳುವಿಕೆಯೆಂಬಂತೆ ಸ್ವೀಕರಿಸುತ್ತಾರೆ, ಕೃತಜ್ಞತೆಯನ್ನೂ ಹೇಳುತ್ತಾರೆ, ನಮಗೆ ಕೆಲಸ ಸಫಲವಾಯಿತೆಂಬ ಸಮಾಧಾನವೂ ಸಿಗುತ್ತದೆ. ಆದರೆ ಅಲ್ಲಿ ನಡೆದಿರುವುದು ಯಜಮಾನಿಕೆಯ ಬದಲಾವಣೆ ಮಾತ್ರ. ಮೊದಲು ಮೇಲಧಿಕಾರಿಯ ಮಾತಿಗೆ ಒಪ್ಪುತ್ತಿದ್ದವರು ಈಗ ಕೋಚ್‌ನ ಮಾತಿಗೆ ಒಪ್ಪುತ್ತಾರೆ. ಹುದ್ದೆಯನ್ನು ನಿರಾಕರಿಸಿ ತಮಗಿಷ್ಟವಾದ ಕೆಲಸದಲ್ಲಿ ಉಳಿದ ಮಹಿಳೆಯೆಂದು ಇವರ ಕಥೆ ಹೊರಗೆ ಚೆನ್ನಾಗಿ ಕಾಣುತ್ತಿತ್ತು. ಆ ಹಾಳೆಯಲ್ಲಿ ಅದು ಎಂಟನೆಯ ಖಾಲಿ ಜಾಗವಾಗುತ್ತಿತ್ತು.

ಈ ವಿಷಯವನ್ನು ನಾನು, ನನ್ನ ಕೋಚಿಂಗ್ ಕೆಲಸವನ್ನು ಪರಾಮರ್ಶಿಸುವ ಮೇಲ್ವಿಚಾರಕರ ಮುಂದಿಟ್ಟೆ. ನಾಲ್ಕನೇ ಭೇಟಿಯನ್ನು ನನ್ನ ತಪ್ಪೊಪ್ಪಿಗೆಯಿಂದಲೇ ಆರಂಭಿಸಿದೆ, ಮುಂದೆ ನನ್ನ ಯಾವುದೇ ಮಾತು ಸೂಚನೆಯಂತೆ ಕೇಳಿದರೆ ತಡೆಯುವ ಹಕ್ಕು ಅವರಿಗಿದೆಯೆಂದೂ ಹೇಳಿದೆ. ಅವರು ಈ ಬಾರಿ ತಕ್ಷಣ ತಲೆಯಾಡಿಸಲಿಲ್ಲ. “ಅದು ನನಗೆ ಕಷ್ಟ. ಪ್ರಯತ್ನಿಸುತ್ತೇನೆ” ಎಂದರು.

ಒಂದು ರಾತ್ರಿಯ ಅಂತರ

ಅಂದಿನಿಂದ ಕೆಲಸದ ದಿಕ್ಕು ಬದಲಾಯಿತು. ಬಡ್ತಿಯ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಸಣ್ಣ ಬೇಡಿಕೆಗಳ ಮೇಲೆ ಅಭ್ಯಾಸ ಮಾಡೋಣವೆಂದು ತೀರ್ಮಾನವಾಯಿತು. ತುರ್ತಲ್ಲದ ಯಾವ ಕೋರಿಕೆಗೂ ಒಂದು ರಾತ್ರಿ ಕಳೆಯುವ ಮೊದಲು ಉತ್ತರಿಸುವುದಿಲ್ಲ ಎಂಬ ನಿಯಮವನ್ನು ಅವರೇ ಮಾಡಿಕೊಂಡರು. ಇಂಥ ಸಂಕಲ್ಪಗಳು ಬರಿಯ ಸಂಕಲ್ಪಗಳಾಗಿದ್ದರೆ ಬಾಳುವುದು ಕಡಿಮೆ. ಇಂಥ ಸನ್ನಿವೇಶ ಎದುರಾದರೆ ಇಂಥದ್ದನ್ನು ಮಾಡುತ್ತೇನೆ ಎಂದು ಸನ್ನಿವೇಶ ಮತ್ತು ಕ್ರಿಯೆಯನ್ನು ಮೊದಲೇ ಬೆಸೆದಿಟ್ಟರೆ ಆಚರಣೆಯ ಸಾಧ್ಯತೆ ಹೆಚ್ಚುತ್ತದೆಂಬುದನ್ನು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ ತೋರಿಸಿದ್ದಾರೆ. ಅವರು ಪ್ಯಾಸ್ಕಲ್ ಶೀರನ್ ಅವರೊಂದಿಗೆ 2006ರಲ್ಲಿ 94 ಪರೀಕ್ಷೆಗಳನ್ನು ಒಟ್ಟಾಗಿ ವಿಶ್ಲೇಷಿಸಿದಾಗಲೂ ಈ ಪರಿಣಾಮ ಗಣನೀಯವಾಗಿಯೇ ಕಂಡಿತು. ಈ ಮಹಿಳೆ ಬೆಸೆದುಕೊಂಡ ವಾಕ್ಯ ತೀರ ಸರಳವಾಗಿತ್ತು: ‘ನಡೆದು ಹೋಗುವಾಗ ಯಾರಾದರೂ ನಿಲ್ಲಿಸಿ ಏನನ್ನಾದರೂ ಕೇಳಿದರೆ, ನಾಳೆ ಹೇಳುತ್ತೇನೆ ಎನ್ನುತ್ತೇನೆ.’

ಎರಡು ವಾರಗಳಲ್ಲಿ ಅಂಥ 11 ಕೋರಿಕೆಗಳು ಬಂದವು. ಎರಡಕ್ಕೆ ಅವರು ಮರುದಿನ ಆಗುವುದಿಲ್ಲ ಎಂದರು, ಮೂರಕ್ಕೆ ಷರತ್ತು ಹಾಕಿ ಒಪ್ಪಿದರು, ಮೂರಕ್ಕೆ ಹಾಗೆಯೇ ಒಪ್ಪಿದರು. ಉಳಿದ ಮೂರರಲ್ಲಿ ನಿಯಮ ಮುರಿದು ಅಲ್ಲೇ ಹೂಂ ಎಂದಿದ್ದರು. ನನಗೆ ಮುಖ್ಯವಾಗಿ ಕಂಡದ್ದು ಮೂರನೆಯ ಗುಂಪು. ಮರುದಿನ ಯೋಚಿಸಿ ಒಪ್ಪಿದ ಕೆಲಸಗಳನ್ನು ಮಾಡುವಾಗ ಬೇಸರವೇ ಆಗಲಿಲ್ಲವೆಂದು ಅವರು ಅಚ್ಚರಿಯಿಂದ ಹೇಳಿದರು. ಸ್ವನಿರ್ಧಾರ ಸಿದ್ಧಾಂತವನ್ನು ರೂಪಿಸಿದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಸ್ವಾಯತ್ತತೆಯನ್ನು ಮನುಷ್ಯನ ಮೂಲಭೂತ ಮಾನಸಿಕ ಅಗತ್ಯಗಳಲ್ಲಿ ಒಂದೆಂದು ಗುರುತಿಸುವಾಗ, ಸ್ವಾಯತ್ತತೆಯೆಂದರೆ ಇತರರಿಂದ ಬೇರೆಯಾಗಿ ನಿಲ್ಲುವುದಲ್ಲ ಎಂದು ಒತ್ತಿ ಹೇಳುತ್ತಾರೆ. ಬೇರೆಯವರು ಕೇಳಿದ್ದನ್ನೇ ಮಾಡಿದರೂ ಅದಕ್ಕೆ ಒಳಗಿನ ಸಮ್ಮತಿಯಿದ್ದರೆ ಅದು ಸ್ವಾಯತ್ತ ಕ್ರಿಯೆಯೇ. ‘ಇಲ್ಲ ಎನ್ನಲು ಕಲಿಯಿರಿ’ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ, ಅದು ಅರ್ಧ ಮಾತು ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ.

ಈ ನಡುವೆ ಅವರು ಇನ್ನೊಂದು ಕೆಲಸ ಮಾಡಿದರು. ನಿವೃತ್ತರಾಗುತ್ತಿದ್ದ ಮುಖ್ಯಸ್ಥರನ್ನು ಕಂಡು, ಅವರ ಸಾಮಾನ್ಯ ವಾರವೊಂದು ಹೇಗಿರುತ್ತದೆಂದು ಗಂಟೆಗಳ ಲೆಕ್ಕದಲ್ಲಿ ಕೇಳಿ ಬರೆದುಕೊಂಡರು. 17 ವರ್ಷ ಒಟ್ಟಿಗೆ ಕೆಲಸ ಮಾಡಿದ್ದರೂ ಅದನ್ನು ಎಂದೂ ಕೇಳಿರಲಿಲ್ಲ. ಮುಂದಿನ ಅನುಭವ ನಮಗೆ ಹೇಗೆನ್ನಿಸೀತೆಂದು ನಾವೇ ಊಹಿಸುವುದಕ್ಕಿಂತ, ಅದೇ ಅನುಭವವನ್ನು ಪಡೆದ ಅಪರಿಚಿತರಿಗೆ ಹೇಗನ್ನಿಸಿತೆಂಬುದನ್ನು ತಿಳಿದರೆ ಅಂದಾಜು ಹೆಚ್ಚು ನಿಖರವಾಗಿರುತ್ತದೆಂದು ಮನೋವಿಜ್ಞಾನಿ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಮುಖ್ಯಸ್ಥರ ವಾರದಲ್ಲಿ ಸಭೆಗಳ ಭಾರ ಈ ಮಹಿಳೆ ಎಣಿಸಿದ್ದಕ್ಕಿಂತ ಹೆಚ್ಚಾಗಿತ್ತು. ಆದರೆ ಹೊಸಬರ ತರಬೇತಿಯನ್ನು ಯಾರು, ಹೇಗೆ ಮಾಡಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರ ಮುಖ್ಯಸ್ಥರಿಗೇ ಇತ್ತು. ನನ್ನ ಅವಸರದ ತೀರ್ಪಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

‘ನಿನ್ನಿಷ್ಟ’ ಎಂಬ ಮಾತು

ಐದನೇ ಭೇಟಿಯಲ್ಲಿ ಮನೆಯ ವಿಷಯ ಬಂತು. ಪತಿಯ ‘ನಿನ್ನಿಷ್ಟ’ವನ್ನು ಅವರು ಅಲ್ಲಿಯವರೆಗೆ ಸ್ವಾತಂತ್ರ್ಯವೆಂದು ಭಾವಿಸಿದ್ದರು. ಅದನ್ನು ಕೇಳಿದಾಗ ದೇಹದಲ್ಲಿ ಏನನ್ನಿಸುತ್ತದೆ ಎಂದು ವಿಚಾರಿಸಿದಾಗ, “ಒಬ್ಬಳೇ ನಿಂತಂತೆ” ಎಂದರು. ಆ ವಾರ ಅವರು ಪತಿಯೊಂದಿಗೆ ಕುಳಿತು, “ನನ್ನಿಷ್ಟ ಆಮೇಲೆ, ಮೊದಲು ನಿನ್ನ ಭಯ ಏನು ಹೇಳು” ಎಂದು ಕೇಳಿದರು. ಮಗಳ ಮುಂದಿನ ಓದಿನ ಖರ್ಚು ಹೇಗೆ ಎಂಬ ಚಿಂತೆ ಪತಿಯನ್ನು ತಿಂಗಳುಗಟ್ಟಲೆ ಕಾಡುತ್ತಿತ್ತು. ಹೆಂಡತಿಯ ಮೇಲೆ ಒತ್ತಡ ಹೇರಬಾರದೆಂದು ಅವರು ಬಾಯಿ ಬಿಟ್ಟಿರಲಿಲ್ಲ. ಇಬ್ಬರೂ ಸೇರಿ ಮುಂದಿನ ಮೂರು ವರ್ಷಗಳ ಆದಾಯ ಮತ್ತು ಖರ್ಚನ್ನು ಬರೆದು ನೋಡಿದರು. ಈಗಿನ ಸಂಬಳದಲ್ಲಿ ನಿಭಾಯಿಸುವುದು ಸಾಧ್ಯವಿತ್ತು, ಆದರೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹಣದ ಮಾತನ್ನು ಕೋಚಿಂಗ್ ಬರಹಗಳು ಬಹುಮಟ್ಟಿಗೆ ತಪ್ಪಿಸುತ್ತವೆ. ಮನಸ್ಸು ಮಾಡಿದರೆ ದಾರಿ ತೆರೆಯುತ್ತದೆ ಎಂಬ ಧಾಟಿಯಲ್ಲಿ, ಬಾಡಿಗೆ, ಸಾಲ, ಮಕ್ಕಳ ಓದು ಇವೆಲ್ಲ ಮನಸ್ಸಿನ ತಡೆಗಳು ಎಂಬಂತೆ ಮಾತನಾಡುವುದು ನನಗೆ ಅನ್ಯಾಯವೆನಿಸುತ್ತದೆ. ಕಟ್ಟುಪಾಡುಗಳೊಳಗೇ ಮನುಷ್ಯರು ಆರಿಸಿಕೊಳ್ಳುವುದು. ಕಟ್ಟುಪಾಡು ಎಷ್ಟು ಅಗಲ, ಎಷ್ಟು ಎತ್ತರ ಎಂದು ಅಳತೆ ಮಾಡಿ ನೋಡಿದಾಗಲೇ ಅದರೊಳಗೆ ಎಷ್ಟು ಜಾಗವಿದೆಯೆಂದು ತಿಳಿಯುವುದು.

ಆರನೇ ಭೇಟಿಯಲ್ಲಿ ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಪ್ರಚಾರಕ್ಕೆ ತಂದ ‘ಪ್ರೀಮಾರ್ಟಮ್’ ವಿಧಾನವನ್ನು ಬಳಸಿದೆವು. ಒಂದು ವರ್ಷ ಕಳೆದಿದೆ, ಮಾಡಿದ ಆಯ್ಕೆ ಸೋತಿದೆ ಎಂದು ಮೊದಲೇ ಭಾವಿಸಿಕೊಂಡು, ಸೋಲಿಗೆ ಕಾರಣವೇನಿರಬಹುದು ಎಂದು ಹಿಂದಕ್ಕೆ ಹುಡುಕುವ ಕ್ರಮವಿದು. ಎರಡೂ ಆಯ್ಕೆಗಳಿಗೆ ಅದನ್ನು ಮಾಡಿದರು. ಒಪ್ಪಿಕೊಂಡು ಸೋತಿದ್ದರೆ, ತರಬೇತಿಯನ್ನು ಬಿಡಲಾರದೆ ರಾತ್ರಿ ಹೊತ್ತು ಮಾಡಿ, ಕೊನೆಗೆ ಎರಡನ್ನೂ ಕೆಡಿಸಿಕೊಂಡದ್ದರಿಂದ. ನಿರಾಕರಿಸಿ ಸೋತಿದ್ದರೆ, ಹೊರಗಿನಿಂದ ಬಂದ ಮುಖ್ಯಸ್ಥರು ತರಬೇತಿಯ ಸಮಯವನ್ನೇ ಕಡಿತ ಮಾಡಿ, ತಾವು ಪ್ರತಿದಿನ ಕಹಿಯೊಂದಿಗೆ ಕೆಲಸಕ್ಕೆ ಹೋಗುವಂತಾದದ್ದರಿಂದ. ಎರಡನ್ನೂ ಬರೆದ ಮೇಲೆ ನಾನು ಏನನ್ನೂ ಕೇಳಲಿಲ್ಲ. ಸುಮಾರು ನಾಲ್ಕು ನಿಮಿಷ ಕೋಣೆಯಲ್ಲಿ ಮೌನವಿತ್ತು, ಅದನ್ನು ಮುರಿಯದಿರಲು ನಾನು ಪ್ರಯತ್ನಪಡಬೇಕಾಯಿತು. “ಮೊದಲನೆಯ ಸೋಲನ್ನು ತಡೆಯುವುದು ನನ್ನ ಕೈಯಲ್ಲಿದೆ” ಎಂದು ಅವರು ಹೇಳಿದರು.

ಅವರು ಬಡ್ತಿಯನ್ನು ಒಪ್ಪಿಕೊಂಡರು. ವಾರಕ್ಕೆ 4 ಗಂಟೆ ತರಬೇತಿಗೆ ಮೀಸಲು, ಒಂದು ವರ್ಷದ ನಂತರ ಬೇಕೆನಿಸಿದರೆ ಹಳೆಯ ಹುದ್ದೆಗೆ ಮರಳುವ ಅವಕಾಶ ಎಂಬ ಎರಡು ಷರತ್ತುಗಳನ್ನು ಪತ್ರದಲ್ಲಿ ಬರೆದರು. ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿತು, ಎರಡನೆಯದು ತಿರಸ್ಕೃತವಾಯಿತು. ಆ ಉತ್ತರ ಬಂದ ದಿನ ಅವರು ಮತ್ತೊಂದು ರಾತ್ರಿ ಕಾದು, ಮರುದಿನ ಸಹಿ ಹಾಕಿದರು.

ಆರು ತಿಂಗಳ ನಂತರ

ಇಲ್ಲಿ ಓದುಗರಿಗೆ ಒಂದು ಸಂದೇಹ ಬರುವುದು ನ್ಯಾಯವೇ. ಕೋಚಿಂಗ್ ಇಲ್ಲದಿದ್ದರೂ ಇವರು ಬಡ್ತಿಯನ್ನು ಒಪ್ಪುತ್ತಿದ್ದರು, ಇದ್ದರೂ ಒಪ್ಪಿದರು. ಬದಲಾದದ್ದೇನು? ನಾನು ಈ ಪ್ರಕರಣವನ್ನೇ ಬರೆಯಲು ಆರಿಸಿಕೊಂಡದ್ದು ಆ ಸಂದೇಹಕ್ಕಾಗಿಯೇ. ಕೆಲಸ ಬಿಟ್ಟವರ, ಊರು ಬಿಟ್ಟವರ ಕಥೆಗಳಲ್ಲಿ ಆಯ್ಕೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಆದರೆ ಬಿಟ್ಟದ್ದೂ ಇನ್ನೊಬ್ಬರ ಮಾತಿನ ಭರಕ್ಕೆ ಆಗಿರಬಹುದು. ಪ್ರಜ್ಞಾಪೂರ್ವಕವಾದ ಆಯ್ಕೆಯ ಗುರುತು ಫಲಿತಾಂಶದಲ್ಲಿ ಇರಲೇಬೇಕೆಂದಿಲ್ಲ. ಈ ಹುದ್ದೆಯಲ್ಲಿ ಏನು ಸಿಗುತ್ತದೆ, ಏನು ಹೋಗುತ್ತದೆ, ಯಾವುದಕ್ಕಾಗಿ, ಎಷ್ಟು ವರ್ಷ ಎಂಬುದನ್ನು ಅವರು ಈಗ ತಮ್ಮ ಮಾತಿನಲ್ಲಿ ಹೇಳಬಲ್ಲರು. ಸಹಿ ಹಾಕುವಾಗ ಬೇಡ ಎನ್ನುವ ದಾರಿಯೂ ಅವರಿಗೆ ನಿಜವಾಗಿ ತೆರೆದಿತ್ತು.

ಮರುಪರಿಶೀಲನೆಯಲ್ಲಿ ಕಂಡದ್ದೆಲ್ಲ ಹಿತವಾಗಿರಲಿಲ್ಲ. 4 ಗಂಟೆಯ ತರಬೇತಿ ಹೆಚ್ಚಿನ ವಾರಗಳಲ್ಲಿ 2 ಗಂಟೆಗೆ ಇಳಿದಿತ್ತು. ಅದನ್ನು ಅವರು ವಾರವಾರವೂ ಬರೆದಿಟ್ಟಿದ್ದರು, ಆಡಳಿತದ ಗಮನಕ್ಕೂ ತಂದಿದ್ದರು, ಪೂರ್ತಿ ಪರಿಹಾರ ಸಿಕ್ಕಿರಲಿಲ್ಲ. ಮೂರನೇ ತಿಂಗಳಲ್ಲಿ ಇನ್ನೊಂದು ಘಟಕದ ಹೆಚ್ಚುವರಿ ಹೊಣೆಯನ್ನು ವಹಿಸಿಕೊಳ್ಳಲು ಕೇಳಿದಾಗ, ನಾಳೆ ಹೇಳುತ್ತೇನೆಂದು ಬಂದು ಮರುದಿನ ನಿರಾಕರಿಸಿದ್ದರು. ಕೆಲಸದಲ್ಲಿ ಅವರು ಮೇಲಿನವರಿಗೆ ಇಲ್ಲವೆಂದದ್ದು ಅದೇ ಮೊದಲು. ರಕ್ತಹೀನತೆ ಗುಣವಾಗಿತ್ತು. ಈ ಬದಲಾವಣೆಗಳಲ್ಲಿ ಕೋಚಿಂಗ್‌ನ ಪಾಲೆಷ್ಟು, ಕಬ್ಬಿಣದ ಮಾತ್ರೆಯ ಪಾಲೆಷ್ಟು, ಪತಿಯೊಂದಿಗೆ ನಡೆದ ಆ ಸಂಜೆಯ ಮಾತಿನ ಪಾಲೆಷ್ಟು ಎಂದು ಒಂದೇ ಪ್ರಕರಣದಿಂದ ಬೇರ್ಪಡಿಸಲು ಬರುವುದಿಲ್ಲ. ಬೇರ್ಪಡಿಸಿದೆನೆಂದು ಹೇಳಿಕೊಳ್ಳುವುದು ನನ್ನ ವೃತ್ತಿಗೆ ಶೋಭೆಯಲ್ಲ.

ಭೇಟಿಯ ಕೊನೆಗೆ, ತರಬೇತಿಯ ಸಮಯವನ್ನು ಉಳಿಸಿಕೊಳ್ಳುವ ಬಗ್ಗೆ ಇನ್ನೂ ಮೂರು ಭೇಟಿಗಳನ್ನು ಇಟ್ಟುಕೊಳ್ಳಬಹುದೇ ಎಂದು ನಾನೇ ಕೇಳಿದೆ. ಅವರು ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾ “ನಾಳೆ ಹೇಳುತ್ತೇನೆ” ಎಂದರು. ಮರುದಿನ ಬೆಳಿಗ್ಗೆ ಸಂದೇಶ ಬಂತು. ಈ ವಿಷಯದಲ್ಲಿ ಮಾತನಾಡಬೇಕಾದದ್ದು ಆಡಳಿತದವರ ಬಳಿ, ಆದ್ದರಿಂದ ಸದ್ಯಕ್ಕೆ ಭೇಟಿ ಬೇಡ ಎಂದು ಅದರಲ್ಲಿತ್ತು. ಅದೇ ದಿನ ಈ ಪ್ರಕರಣದ ಕಡತವನ್ನು ಮುಚ್ಚಿದೆ.